ಹಳೇ ಕಟ್ಟಡದ ಆಫೀಸಿಗೆ ಕ್ಲಿಕ್ ಲಿನೋಲಿಯಂ: ಎರಡು ವರ್ಷ ಬಳಸಿದ ಮೇಲೆ

ನಮ್ ಆಫೀಸಿರೋದು ನೂರು ವರ್ಷ ದಾಟಿರೋ ಕಲ್ಲಿನ ಕಟ್ಟಡದಲ್ಲಿ, ಮಹಡಿ ಮೇಲೆ ಪೂರ್ತಿ ಮರದ ಹಲಗೆ, ಕೆಳಗಡೆ ಕಲ್ಲು ಚಪ್ಪಡಿ. ನೆಲಕ್ಕೆ ಹೊಸ ಹೊದಿಕೆ ಹಾಕಿಸೋಣ ಅಂತ ಕರೆಸಿದಾಗ ಮೊದಲು ನೋಡೋಕೆ ಬಂದ ಕಂಟ್ರಾಕ್ಟರು ಹಲಗೆ ಎಲ್ಲ ಕಿತ್ತು ಪ್ಲೈವುಡ್ ಹೊಡೆದು ಮೇಲೆ ವಿನೈಲ್ ಅಂಟಿಸಿಬಿಡೋಣ ಅಂದ್ರು, ಕೇಳಿ ಹೊಟ್ಟೆ ಉರಿದುಹೋಯ್ತು. ಆ ಮರ ಕಡಿದು ಕೊಯ್ದು ಸಾಗಿಸಿದ ಕಾರ್ಬನ್ ಲೆಕ್ಕ ಎಲ್ಲ ಯಾವತ್ತೋ ಮುಗಿದುಹೋಗಿದೆ, ಈಗ ಕಿತ್ರೆ ಅದೂ ಕಸ, ಅದರ ಜಾಗಕ್ಕೆ ಬರೋ ಹೊಸದಕ್ಕೆ ಮತ್ತೆ ಹೊಗೆ. ಹಾಗಾಗಿ ನಾವು ಇಟ್ಕೊಂಡಿದ್ದು ಒಂದೇ ಷರತ್ತು: ಏನೇ ಹಾಕಿದ್ರೂ ನಾಳೆ ಎತ್ತೋಕೆ ಬರಬೇಕು, ಕೆಳಗಿನ ಹಲಗೆಗೆ ಒಂದು ಹನಿ ಅಂಟೂ ತಾಗಬಾರದು.

ಅದಕ್ಕೇ ಕ್ಲಿಕ್ ಲಿನೋಲಿಯಂ ತಗೊಂಡ್ವಿ. ತುಂಬ ಜನ ಲಿನೋಲಿಯಂ ಅಂದ್ರೆ ವಿನೈಲೇ ಅನ್ಕೋತಾರೆ, ಅಲ್ಲ. ವಿನೈಲ್ ಪ್ಲಾಸ್ಟಿಕ್ಕು. ಇದು ಅಗಸೆ ಎಣ್ಣೆ, ಪೈನ್ ಮರದ ರಾಳ, ಮರದ ಪುಡಿ, ಸುಣ್ಣಕಲ್ಲಿನ ಪುಡಿ, ಇವನ್ನ ಕಲಸಿ ಹಾಳೆ ಮಾಡೋದು, 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಕಂಡುಹಿಡಿದಿದ್ದು. ಮಾಮೂಲಿ ಲಿನೋಲಿಯಂ ಸೆಣಬಿನ ಬಟ್ಟೆ ಮೇಲೆ ಬರುತ್ತೆ, ಅದನ್ನ ನೆಲಕ್ಕೆ ಅಂಟಿಸಲೇಬೇಕು. ಕ್ಲಿಕ್ ಪ್ಯಾನೆಲ್‌ನಲ್ಲಿ ಮಧ್ಯೆ ಎಚ್‌ಡಿಎಫ್ ಅನ್ನೋ ಒತ್ತಿದ ಮರದ ನಾರಿನ ಹಲಗೆ, ಅಡಿಯಲ್ಲಿ ಕಾರ್ಕ್, ಒಂದಕ್ಕೊಂದು ಸಿಕ್ಕಿಸಿದ್ರೆ ಆಯ್ತು.

ಬಾಕ್ಸ್ ಬಿಚ್ಚಿದಾಗ ಬಣ್ಣ ನೋಡಿ ಗಾಬರಿಯಾಯ್ತು, ಆರ್ಡರ್ ಮಾಡಿದ್ದು ತಿಳಿ ಬೂದು, ಬಂದಿದ್ದು ಹಳದಿ ಹಳದಿ. ಅಗಸೆ ಎಣ್ಣೆ ಕತ್ತಲಲ್ಲಿದ್ರೆ ಹಾಗೇ ಹಳದಿ ತಿರುಗೋದಂತೆ, ಬೆಳಕಿಗಿಟ್ರೆ ಹೋಗುತ್ತೆ, ಹೋಯ್ತು ಕೂಡ. ಈಗ್ಲೂ ಬೀರು ಸರಿಸಿದ್ರೆ ಅಡಿಯಲ್ಲಿ ಹಳದಿ ಚೌಕ ಕಾಣುತ್ತೆ, ಕೆಲವು ದಿನಕ್ಕೆ ಮಾಯ.

ಕಷ್ಟ ಆಗಿದ್ದು ಬಾಗಿಲುಗಳದ್ದು. ಪ್ಯಾನೆಲ್ ಸುಮಾರು 10 ಮಿ.ಮೀ. ದಪ್ಪ, ಅಷ್ಟು ನೆಲ ಮೇಲೆ ಬಂದ್ರೆ ಹಳೇ ಬಾಗಿಲು ಉಜ್ಜುತ್ತೆ, ಬಾಗಿಲ ಅಡಿ ಕೊಯ್ಯೋಕೆ ನಮಗೆ ಮನಸ್ಸಿರಲಿಲ್ಲ, ಹಾಗಾಗಿ ಎರಡು ರೂಮಲ್ಲಿ ಏನೂ ಹಾಕದೇ ಹಲಗೆ ತೊಳೆದು ಎಣ್ಣೆ ಹಚ್ಚಿ ಬಿಟ್ವಿ, ನಿಜ ಹೇಳ್ಬೇಕಂದ್ರೆ ಇಡೀ ಆಫೀಸಲ್ಲಿ ಚೆಂದ ಇರೋದು ಆ ಎರಡೇ ರೂಮು. ಗೋಡೆ ಪಕ್ಕ ಹಿಗ್ಗೋಕೆ ಬಿಡಬೇಕಾದ ಸಂದಿ ಮುಚ್ಚೋಕೆ ಹಳೇ ಸ್ಕರ್ಟಿಂಗ್‌ಗೆ, ಅಂದ್ರೆ ಗೋಡೆ ಬುಡದ ಪಟ್ಟಿಗೆ, ಮೊಳೆ ಹೊಡೀಲಿಲ್ಲ, ಕಾರ್ಕ್ ಪಟ್ಟಿ ತುರುಕಿದ್ವಿ.

ಕೆಳಗಿನ ಕಲ್ಲು ನೆಲಕ್ಕೆ ಇದನ್ನ ಹಾಕಲೇಬೇಡಿ. ಹಳೇ ಕಟ್ಟಡಗಳಿಗೆ ಸಾಮಾನ್ಯವಾಗಿ ತೇವ ತಡೆಯೋ ಪದರ ಇರಲ್ಲ, ಮಣ್ಣಿನ ತೇವ ಕಲ್ಲಿನ ಸಂದಿಯಿಂದ ಆರಿಹೋಗ್ತಿರುತ್ತೆ, ಅದನ್ನ ಮುಚ್ಚಿದ್ರೆ ತೇವ ಗೋಡೆ ಹತ್ತುತ್ತೆ, ಜೊತೆಗೆ ಎಚ್‌ಡಿಎಫ್ ಕೂಡ ಊದುತ್ತೆ. ನಾವು ಅಲ್ಲಿ ನಾರಿನ ಚಾಪೆ ಹಾಸಿ ಬಿಟ್ಟಿದೀವಿ.

ಮಾರಿದವರ ಮೇಲೆ ಒಂದು ಬೇಜಾರಿದೆ. ಕಾರ್ಬನ್ ನೆಗೆಟಿವ್, ಅಂದ್ರೆ ಬಿಡೋ ಕಾರ್ಬನ್‌ಗಿಂತ ಹೀರೋದೇ ಜಾಸ್ತಿ, ಅಂತ ಹೇಳಿ ಮಾರಿದ್ರು. ವಸ್ತುವಿನಿಂದ ಪರಿಸರಕ್ಕೆ ಆಗೋ ಪರಿಣಾಮದ ಲೆಕ್ಕ ಹಂತ ಹಂತವಾಗಿ ಕೊಡೋ ಇಪಿಡಿ ಅನ್ನೋ ದಾಖಲೆ ತರಿಸಿ ಓದಿದ್ರೆ ಆ ಅಂಕಿ ಎ1ರಿಂದ ಎ3ರವರೆಗೆ ಮಾತ್ರ, ಅಂದ್ರೆ ಫ್ಯಾಕ್ಟರಿ ಬಾಗಿಲವರೆಗೆ. ಅಗಸೆ ಗಿಡ, ಮರ ಹೀರಿಕೊಂಡ ಕಾರ್ಬನ್ ಅಲ್ಲಿ ಮೈನಸ್ ಆಗಿ ಕಾಣುತ್ತೆ, ಕೊನೇಗೆ ಸುಟ್ಟಾಗ ಅದು ವಾಪಸ್ ಗಾಳಿಗೇ ಹೋಗೋದು ಸಿ ಭಾಗದಲ್ಲಿರುತ್ತೆ, ಮಾರೋವಾಗ ಅದನ್ನ ನಮಗೆ ತೋರಿಸಲಿಲ್ಲ. ನೀವು ತಗೊಳೋವಾಗ ಪೂರ್ತಿ ಟೇಬಲ್ ಕೇಳಿ ತಗೊಳಿ. ವಸ್ತು ಒಳ್ಳೇದೇ, ಅದಕ್ಕೆ ಇಲ್ಲದ ಗುಣ ಯಾಕೆ ಅಂಟಿಸ್ಬೇಕು?

ಒರೆಸೋಕೆ ಸ್ಟ್ರಾಂಗ್ ಕ್ಲೀನರ್ ಬೇಡ. ಕ್ಷಾರ ಜಾಸ್ತಿ ಇದ್ರೆ ಅಗಸೆ ಎಣ್ಣೆ ಸೋಪಿನ ಥರ ಕರಗುತ್ತೆ, ಪ್ಯಾಂಟ್ರಿ ಹತ್ರ ನಮಗೆ ಹಂಗೇ ಹೊಳಪು ಹೋಗಿದೆ. ಕುರ್ಚಿಗೆ ಮೆತ್ತನೆ ಚಕ್ರ ಹಾಕ್ಸಿ. ನಡೆಯೋ ಸದ್ದು ಮಾತ್ರ ಚೆನ್ನಾಗಿ ತಗ್ಗಿದೆ.

ಮೊನ್ನೆ ವೈರಿಂಗ್‌ಗೆ ಅಂತ ಒಂದು ರೂಮು ಪೂರ್ತಿ ಎತ್ತಿದ್ವಿ. ಕೆಳಗೆ ಹಲಗೆ ಒಣಗಿ ಗಟ್ಟಿಯಾಗಿ ಹಾಗೇ ಇದೆ, ಹಳೇ ಮೊಳೆಗಳ ಸಾಲು ಸಮೇತ. ಅಂಚು ಮುರಿದ ನಾಲ್ಕು ಪ್ಯಾನೆಲ್ ಬಿಟ್ಟು ಮಿಕ್ಕಿದ್ದೆಲ್ಲ ಸಂಜೆಗೆ ವಾಪಸ್ ಕೂತ್ವು.