ಆರ್ ಕಲಿಯಬಹುದು, ಕೋಲಾರದವರಿಗೆ ತಲೆನೋವು ಸ್ವಲ್ಪ ಜಾಸ್ತಿ

ಭೂಗೋಳದ ಎಂ.ಎಸ್ಸಿ ಶುರುವಾದಾಗಿಂದ ನಕ್ಷೆ, ಲೆಕ್ಕಗಳಿಗೆ ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಅದೇ ಮೊದಲ ಕಾರಣ. ನನ್ನದು 4 ಜಿಬಿಯ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. ಆರ್ ಬರೆದು ಓಡಿಸುವ ಆರ್‌ಸ್ಟುಡಿಯೋ ಜೊತೆ ಬ್ರೌಸರ್ ತೆರೆದರೆ ಏದುಸಿರು ಬಿಡುತ್ತದೆ, ಆದರೂ ಕೆಲಸ ನಡೆಯುತ್ತದೆ.

ನನ್ನ ತಕರಾರು ಸಿಆರ್‌ಎಸ್ ಬಗ್ಗೆ, ಅಂದರೆ ನಕ್ಷೆಯ ಜಾಗಗಳನ್ನು ಅಂಕಿಗಳಲ್ಲಿ ಗುರುತಿಸುವ ಪದ್ಧತಿ. ನಮ್ಮ ಜಿಲ್ಲೆಯ ಮೇಲೇ 78 ಡಿಗ್ರಿ ರೇಖಾಂಶ ಹಾದುಹೋಗುತ್ತದೆ. ಯುಟಿಎಂ ಅನ್ನೋ ಪದ್ಧತಿ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚುತ್ತದೆ, ಆ ರೇಖೆಯೇ ಎರಡು ವಲಯಗಳ ಗಡಿ: ಮಾಲೂರು ಪಟ್ಟಣ 43ನೇ ವಲಯ; ಕೋಲಾರ, ಮುಳಬಾಗಿಲು, ಕೆಜಿಎಫ್ 44ನೇ ವಲಯ. ಪ್ರಾಜೆಕ್ಟಿಗೆ ಸಿಕ್ಕ ಕೆರೆಗಳ ಫೈಲು 32643ರಲ್ಲಿತ್ತು (43ನೇ ವಲಯದ ಸಂಕೇತ), ಊರುಗಳದ್ದು 32644ರಲ್ಲಿ (44ನೇ ವಲಯದ್ದು). ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರಿನಲ್ಲಿ ಎರಡೂ ಒಂದರ ಮೇಲೊಂದು ನೀಟಾಗಿ ಕೂತವು. ಆರ್‌ನಲ್ಲಿ ಪ್ರತಿ ಊರಿಗೂ ಹತ್ತಿರದ ಕೆರೆ ಹುಡುಕು ಅಂದರೆ ಕೆಂಪು ಅಕ್ಷರ: ಎರಡರ ಸಿಆರ್‌ಎಸ್ ಒಂದೇ ಅಲ್ಲ. ಸುಮ್ನೆ ನೀನೇ ಬದಲಾಯಿಸಿಕೊಳ್ಳಬಾರದಾ? ಊಹೂಂ. ಆರ್‌ನಲ್ಲಿ ನಕ್ಷೆಯ ಲೆಕ್ಕ ಮಾಡುವ ಎಸ್‌ಎಫ್ ಪ್ಯಾಕೇಜು ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ.

ಸಿಟ್ಟಿನಲ್ಲಿ ಅಂಕಿಗಳನ್ನು ತೆರೆದು ನೋಡಿದೆ. ಅದೇ ಕೋಲಾರ ಪಟ್ಟಣದ ಈಸ್ಟಿಂಗ್ (ಪೂರ್ವದ ಕಡೆಗಿನ ಅಳತೆ) 43ರಲ್ಲಿ ಸುಮಾರು 8.4 ಲಕ್ಷ ಮೀಟರ್, 44ರಲ್ಲಿ ಸುಮಾರು 1.9 ಲಕ್ಷ. ಅಂದರೆ ಆರ್ ತಕರಾರಿಲ್ಲದೆ ಲೆಕ್ಕ ಹಾಕಿದ್ದರೆ ಪಟ್ಟಣಕ್ಕೂ ಅದಕ್ಕೆ ಅಂಟಿಕೊಂಡಿರುವ ಕೋಲಾರಮ್ಮ ಕೆರೆಗೂ 650 ಕಿ.ಮೀ. ದೂರ ಬರುತ್ತಿತ್ತು! ಅವತ್ತಿಂದ ಆ ಕೆಂಪು ಅಕ್ಷರದ ಮೇಲೆ ಕೋಪವಿಲ್ಲ. ಎಲ್ಲವನ್ನೂ 44ಕ್ಕೆ ತಂದುಕೊಂಡೆ, ಒಂದೇ ಸಾಲಿನ ಕೆಲಸ. ಆ ವಲಯದ ಹೊರಗಿರುವ ಮಾಲೂರಿನ ಕಡೆ ದೂರದಲ್ಲಿ ಕಿಲೋಮೀಟರಿಗೆ ಒಂದು ಮೀಟರಿನಷ್ಟು ವ್ಯತ್ಯಾಸ ಉಳಿಯುತ್ತದೆ. ಕೆರೆ ಲೆಕ್ಕಕ್ಕೆ ಅದೇನು ಮಹಾ, ಅಲ್ವಾ?

ಈಗ ಸಂಜೆ ಟೀ ಪಕ್ಕದಲ್ಲಿಟ್ಟುಕೊಂಡು ಮೊದಲ ಸಾಲಿನಿಂದ ಕಂಟ್ರೋಲ್-ಎಂಟರ್ ಒತ್ತುತ್ತಾ ಇಳಿಯುವುದೇ ಒಂದು ಖುಷಿ. ಸಾಲು ಓಡುತ್ತದೆ, ಕರ್ಸರ್ ತಾನಾಗೇ ಕೆಳಗಿಳಿಯುತ್ತದೆ, ಕೊನೆಗೆ ಬಲಗಡೆ ನಕ್ಷೆ ಮೂಡುತ್ತದೆ. 500 ಮೀಟರ್ ಬಫರ್ (ಸುತ್ತಲಿನ ಪಟ್ಟಿ) ಬೇಡ, ಒಂದು ಕಿ.ಮೀ. ಮಾಡು ಅಂತ ಗೈಡ್ ಹೇಳಿದರೆ ಒಂದು ಅಂಕಿ ತಿದ್ದಿದರೆ ಸಾಕು. ಮೌಸ್ ಹಿಡಿದು ಮತ್ತೆ ಮೊದಲಿಂದ ಮಾಡುವ ಗೋಳಿಲ್ಲ.

ಹೊಸದಾಗಿ ಕಲಿಯುವವರು ಆರ್‌ಜಿಡಾಲ್ ಅನ್ನೋ ಪ್ಯಾಕೇಜು ಕಲಿಸುವ ಹಳೇ ಪಾಠಗಳನ್ನು ಬಿಟ್ಟುಬಿಡಿ, ಆ ಪ್ಯಾಕೇಜು 2023ರಲ್ಲೇ ನಿವೃತ್ತಿಯಾಗಿದೆ. ನೇರವಾಗಿ ಎಸ್‌ಎಫ್, ಟೆರಾ ಪ್ಯಾಕೇಜುಗಳನ್ನು ಹಿಡಿಯಿರಿ. ನಕ್ಷೆಯಲ್ಲಿ ಊರ ಹೆಸರು ಕನ್ನಡದಲ್ಲೇ ಬೇಕಿದ್ದು ‘ಶ್ರೀನಿವಾಸಪುರ’ದ ಒತ್ತಕ್ಷರ ಒಡೆದುಹೋದರೆ, ನೋಟೋ ಫಾಂಟ್ ಹಾಕಿ ರ್‍ಯಾಗ್ ಪ್ಯಾಕೇಜಿನಲ್ಲಿ ಸೇವ್ ಮಾಡಿ ನೋಡಿ. ನನಗಂತೂ ಸರಿಹೋಯಿತು.