ಈವ್ ನೋ ಜಿಕಾನ್, ಚೋಬಿಟ್ಸ್, ಆರ್ಮಿಟೇಜ್: ಆಂಡ್ರಾಯ್ಡ್ ಹೆಣ್ಣಿನ ಕಥೆ ಯಾರು ಸರಿಯಾಗಿ ಹೇಳಿದ್ದಾರೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ‘ಈವ್ ನೋ ಜಿಕಾನ್’ಗೆ. ಆಂಡ್ರಾಯ್ಡ್ ಹುಡುಗಿಯರಿರುವ, ಅಂದರೆ ಮನುಷ್ಯರ ಹಾಗೇ ಕಾಣುವ ರೋಬೋ ಹುಡುಗಿಯರಿರುವ ಜಪಾನಿ ಅನಿಮೆ (ಕಾರ್ಟೂನ್ ಸರಣಿ, ಚಿತ್ರಗಳು) ಬೇಕಾದಷ್ಟಿವೆ. ಆದರೆ ಗಂಡು ಹೆಣ್ಣಿನ ನಡುವಿನ ಸಂಗತಿಯನ್ನು ನಿಜಕ್ಕೂ ಕೆದಕುವಂಥವು ಕಡಿಮೆ. ಅಂಥ ಮೂರನ್ನು ನಾನು, ನನ್ನ ತಂಗಿ ಈ ಮಳೆಗಾಲದಲ್ಲಿ ಒಂದರ ಹಿಂದೊಂದು ನೋಡಿದೆವು. 1995ರ ‘ಆರ್ಮಿಟೇಜ್ III’, 2002ರ ‘ಚೋಬಿಟ್ಸ್’, 2008ರಲ್ಲಿ ಶುರುವಾದ ‘ಈವ್ ನೋ ಜಿಕಾನ್’ (ಅಂದರೆ ‘ಈವ್‌ನ ಸಮಯ’). ಕಥೆಯ ಗುಟ್ಟುಗಳನ್ನು ಬಿಟ್ಟುಕೊಡುತ್ತಿದ್ದೇನೆ. ಅದಿಲ್ಲದೆ ಈ ಮಾತು ಮುಂದಕ್ಕೆ ಹೋಗುವುದಿಲ್ಲ.

ಚಿತ್ರ ಚೆನ್ನಾಗಿ ಬಿಡಿಸಿದ್ದಾರಾ, ಸಂಗೀತ ಹೇಗಿದೆ ಅನ್ನೋದನ್ನೆಲ್ಲ ಪಕ್ಕಕ್ಕಿಟ್ಟು ನಾನು ಒಂದೇ ವಿಷಯ ಗಮನಿಸಿದೆ. ಈ ಹುಡುಗಿಗೆ ತನ್ನದು ಅಂತ ಏನಾದರೂ ಇದೆಯಾ? ಯಜಮಾನನಿಗೆ ಗೊತ್ತಿಲ್ಲದ ಒಂದು ಜಾಗ, ಒಂದು ಗುಟ್ಟು, ‘ನನಗೆ ಬೇಡ’ ಅನ್ನುವ ಒಂದು ಮಾತು?

ಚೋಬಿಟ್ಸ್‌ಗೆ ದುಡ್ಡು ಜಾಸ್ತಿ ಹೋಗಿದೆ, ಅದನ್ನೇ ಮೊದಲು ಹೇಳುತ್ತೇನೆ. ಹೊರದೇಶದಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಡಿವಿಡಿ ಸೆಟ್. ಡಿವಿಡಿಗಳಿಗೆ ದೇಶಕ್ಕೆ ತಕ್ಕ ಹಾಗೆ ಒಂದು ರೀಜನ್ ನಂಬರ್ ಇರುತ್ತದೆ, ಅದು ಹೊಂದದಿದ್ದರೆ ಪ್ಲೇಯರ್ ಓಡಿಸುವುದಿಲ್ಲ. ಡಿಸ್ಕುಗಳು ರೀಜನ್ 1, ನಮ್ಮ ದೇಶ ರೀಜನ್ 5. ಮಾರಿದವರು ಆ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಮನೆಯ ಪ್ಲೇಯರ್ ಮುಟ್ಟಲೇ ಇಲ್ಲ. ಕೊನೆಗೆ ಲ್ಯಾಪ್‌ಟಾಪಿನ ಡ್ರೈವ್‌ನಲ್ಲಿ ರೀಜನ್ ಬದಲಿಸಿ ನೋಡಿದೆವು. ಹಾಗೆ ಬದಲಿಸೋದಕ್ಕೆ ಐದೇ ಸಲ ಅವಕಾಶ, ಆಮೇಲೆ ಅದು ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಡಿಸ್ಕ್ ತರಿಸುವವರು ಇದನ್ನು ನೆನಪಿಡಿ.

ಕಥೆ ಹೀಗಿದೆ. ಹೊಕ್ಕೈಡೊ ಕಡೆಯ ಹಳ್ಳಿ ಹುಡುಗ ಹಿದೆಕಿ ಮೊತೊಸುವ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಕೋಚಿಂಗ್‌ಗೆ ಅಂತ ಟೋಕಿಯೋಗೆ ಬಂದಿದ್ದಾನೆ. ಅಲ್ಲಿ ಎಲ್ಲರ ಬಳಿ ಮನುಷ್ಯರ ಹಾಗೇ ಕಾಣುವ ‘ಪರ್ಸೊಕಾಮ್’ ಅನ್ನೋ ಕಂಪ್ಯೂಟರ್ ಇದೆ. ಇವನಿಗೆ ಕೊಳ್ಳುವ ಶಕ್ತಿ ಇಲ್ಲ. ಒಂದು ರಾತ್ರಿ ಕಸದ ರಾಶಿಯಲ್ಲಿ ಒಂದು ಸಿಗುತ್ತದೆ. ಹೊತ್ತು ತಂದು ಆನ್ ಮಾಡಲು ನೋಡುತ್ತಾನೆ. ಸ್ವಿಚ್ ಎಲ್ಲಿದೆ ಅಂತ ತಿಳಿಯುವುದಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಗುವುದು ತೊಡೆಗಳ ಸಂದಿಯಲ್ಲಿ. ಎದ್ದು ಕೂತ ಅವಳ ಬಾಯಲ್ಲಿ ಬರುವುದು ‘ಚೀ’ ಅನ್ನುವ ಒಂದೇ ಮಾತು. ಅದೇ ಅವಳ ಹೆಸರಾಗುತ್ತದೆ.

ಈ ಸ್ವಿಚ್ಚೇ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು. ಸುಮ್ನೆ ನಗಿಸೋದಕ್ಕೆ ಇಟ್ಟಿದ್ದಾರೆ ಅಂದುಕೊಂಡು ಬಿಟ್ಟುಬಿಡಬಹುದಿತ್ತು. ಆದರೆ ಹಾಗೆ ಬಿಡೋಕೆ ಆಗುವುದಿಲ್ಲ, ಯಾಕೆಂದರೆ ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಈ ಅನಿಮೆಗೆ ಮೂಲವಾದ ಮಾಂಗಾದ (ಜಪಾನಿ ಕಾಮಿಕ್ಸ್‌ನ) ಕೊನೆಯಲ್ಲಿ ಹಿದೆಕಿಗೆ ಗೊತ್ತಾಗುತ್ತದೆ: ಆ ಸ್ವಿಚ್ಚನ್ನು ಮತ್ತೆ ಮುಟ್ಟಿದರೆ ಚೀ ಮೊದಲಿನಿಂದ ಶುರುವಾಗುತ್ತಾಳೆ, ನೆನಪೆಲ್ಲ ಅಳಿಸಿಹೋಗುತ್ತದೆ. ಅಂದರೆ ಅವಳನ್ನು ಪ್ರೀತಿಸಬೇಕಾದರೆ ಅವನು ದೈಹಿಕ ಸಂಬಂಧದ ಆಸೆಯನ್ನು ಬಿಡಬೇಕು. ಬರೆದ ಕ್ಲ್ಯಾಂಪ್ ತಂಡದಲ್ಲಿರುವವರು ನಾಲ್ವರು ಹೆಂಗಸರು. ಕಥೆ ಧಾರಾವಾಹಿಯಾಗಿ ಬಂದಿದ್ದು ಯುವಕರು ಓದುವ ವಾರಪತ್ರಿಕೆಯಲ್ಲಿ. ಆ ಓದುಗರಿಗೆ ಅವರು ನೇರವಾಗಿ ಕೇಳಿದ ಪ್ರಶ್ನೆ ಇದು ಅಂತ ನನಗೆ ಅನಿಸುತ್ತದೆ. ದೇಹ ಸಿಗದಿದ್ದರೂ ನೀನು ಇವಳ ಜೊತೆ ಇರುತ್ತೀಯಾ? ಧೈರ್ಯದ ಪ್ರಶ್ನೆಯೇ, ಒಪ್ಪುತ್ತೇನೆ.

ಆದರೆ ಆ ಪ್ರಶ್ನೆ ಬರೀ ಹಿದೆಕಿಗೆ. ಚೀಗೆ ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ಮಧ್ಯದಲ್ಲಿ ಒಂದು ಪ್ರಸಂಗ ಬರುತ್ತದೆ. ಹಿದೆಕಿಗೆ ನೆರವಾಗಬೇಕು ಅಂತ ಚೀ ಕೆಲಸ ಹುಡುಕಿಕೊಂಡು ಹೊರಡುತ್ತಾಳೆ. ಒಬ್ಬ ಅವಳನ್ನು ಪುಸಲಾಯಿಸಿ, ಗಂಡಸರು ಕಿಂಡಿಯಲ್ಲಿ ಇಣುಕಿ ನೋಡುವ ಅಂಗಡಿಗೆ ಸೇರಿಸುತ್ತಾನೆ. ಅಲ್ಲಿ ಅವಳನ್ನು ಮುಟ್ಟಲು ಬಂದಾಗ ಅವಳು ತಡೆಯುತ್ತಾಳೆ. ಹೇಗೆ ತಡೆಯುತ್ತಾಳೆ ಅನ್ನೋದನ್ನು ನೋಡಿ. ಅವಳೊಳಗೆ ಬೇರೆ ಯಾವುದೋ ಶಕ್ತಿ ಎದ್ದು ಸುತ್ತಲಿನದ್ದೆಲ್ಲ ಅಲುಗಾಡುತ್ತದೆ. ಬಾಯಿಬಿಟ್ಟು ‘ಬೇಡ’ ಅನ್ನುವ ಅವಕಾಶ ಅವಳಿಗಿಲ್ಲ. ಅವಳ ನಿರಾಕರಣೆ ಒಂದು ಯಂತ್ರದ ಕಾವಲಾಗಿ ಬರುತ್ತದೆ, ಅದೂ ಅಪ್ಪ ಅಮ್ಮನ ಸ್ಥಾನದಲ್ಲಿದ್ದವರು ಇಟ್ಟುಹೋದ ಕಾವಲು. ಅಂದರೆ ಅವಳ ದೇಹವನ್ನು ಕಾಯುವುದು ಮೊದಲು ಅವರು, ಆಮೇಲೆ ಒಳ್ಳೆಯ ಹುಡುಗ ಹಿದೆಕಿ. ಅವಳ ಕೈಗೆ ಆ ಅಧಿಕಾರ ಕೊನೆಯವರೆಗೂ ಬರುವುದಿಲ್ಲ. 26 ಕಂತು ಮುಗಿದರೂ ನನ್ನ ಈ ಸಿಟ್ಟು ಇಳಿಯಲಿಲ್ಲ.

ಚೋಬಿಟ್ಸ್‌ನ ನಿಜವಾದ ತಾಕತ್ತಿರುವುದು ಅದರ ಮನುಷ್ಯ ಹೆಂಗಸರಲ್ಲಿ. ಕೋಚಿಂಗ್‌ನ ಮೇಡಂ ಶಿಮಿಜು ತಕಾಕೊ ಕಥೆ ನೋಡಿ. ಗಂಡ ಪರ್ಸೊಕಾಮ್ ಕೊಂಡು ಅದರಲ್ಲೇ ಮುಳುಗಿದ್ದಾನೆ. ಒಂದು ದಿನ ಇವರು ಮನೆಗೆ ಬರುವಷ್ಟರಲ್ಲಿ ಬಾಗಿಲು ಒಳಗಿಂದ ಹಾಕಿದೆ. ಹೆಂಡತಿ ಇನ್ನೂ ಬಂದಿಲ್ಲ ಅನ್ನುವುದೇ ಅವನಿಗೆ ಮರೆತುಹೋಗಿದೆ. ಜಗಳ ಆಗಿ ಹೊರಗೆ ಹಾಕಿದ್ದರೂ ಒಂದು ಲೆಕ್ಕ. ಮರೆತೇ ಹೋದರೆ ಯಾರ ಜೊತೆ ಜಗಳ ಆಡೋದು? ನನ್ನ ತಂಗಿ ಇಲ್ಲಿ ಪಾಜ್ ಒತ್ತಿ ಎದ್ದು ಹೋಗಿ ನೀರು ಕುಡಿದು ಬಂದಳು. ಹಿದೆಕಿಯ ಜೊತೆ ಕೆಲಸ ಮಾಡುವ ಯುಮಿ ಅನ್ನೋ ಹುಡುಗಿಯದು ಇನ್ನೊಂದು ಸಂಕಟ. ಅವಳು ಪ್ರೀತಿಸುವ ಬೇಕರಿಯವನು ಹಿಂದೆ ಒಂದು ಪರ್ಸೊಕಾಮ್‌ನ ಮದುವೆಯಾಗಿದ್ದ. ಅದರ ಹೆಸರೂ ಯುಮಿ. ತಪ್ಪೇ ಮಾಡದ, ಯಾವತ್ತೂ ಚಂದ ಇರುವ ಯಂತ್ರದ ಜೊತೆ ತಾನು ಹೇಗೆ ಸಮ ಆಗೋದು ಅನ್ನುವ ಅವಳ ಅಳುಕು ಇವತ್ತಿಗೂ ಹಳತಾಗಿಲ್ಲ. ಫಿಲ್ಟರ್ ಹಾಕಿದ ಮುಖಗಳನ್ನೇ ದಿನವಿಡೀ ನೋಡುವ ಹುಡುಗಿಯರಿಗೆ ಇದು ಚೆನ್ನಾಗಿ ಗೊತ್ತು.

ಆರ್ಮಿಟೇಜ್ ನಾಲ್ಕೇ ಭಾಗದ್ದು, ಬೇಗ ಮುಗಿಯುತ್ತದೆ. ಮಂಗಳ ಗ್ರಹದ ಪೊಲೀಸ್ ಕಥೆ. ರೋಬೋ ದ್ವೇಷಿ ರಾಸ್ ಸಿಲಿಬಸ್ ಭೂಮಿಯಿಂದ ಬಂದಿಳಿದ ದಿನವೇ ಒಬ್ಬ ಹಾಡುಗಾರ್ತಿಯ ಕೊಲೆ. ಸತ್ತವಳು ಮನುಷ್ಯಳಲ್ಲ ಅಂತ ಆಮೇಲೆ ಗೊತ್ತಾಗುತ್ತದೆ. ಅವಳಂಥವರು ಊರಲ್ಲಿ ಇನ್ನೂ ಇದ್ದಾರೆ, ಅವರನ್ನು ‘ಥರ್ಡ್’ಗಳು ಅನ್ನುತ್ತಾರೆ. ಅವನ ಜೊತೆಗಾರ್ತಿ ನವೋಮಿ ಆರ್ಮಿಟೇಜ್ ಕೂಡ ಥರ್ಡ್. ಇವರನ್ನು ಮಾಡಿದ್ದು ಯಾಕೆ? ಮಕ್ಕಳನ್ನು ಹೆರಲಿ ಅಂತ. ಮಂಗಳಕ್ಕೆ ಜನ ಬೇಕಿತ್ತು.

ಇಲ್ಲಿಗೆ ಬಂದಾಗ ಕಥೆ ಎಲ್ಲಿಗೋ ಹೋಗಬಹುದಿತ್ತು. ಒಂದು ಸರ್ಕಾರ ಹೆರುವುದಕ್ಕೆ ಅಂತಲೇ ಹೆಣ್ಣುಗಳನ್ನು ತಯಾರಿಸಿ, ಆಮೇಲೆ ಬೇಡ ಅಂತ ಕೊಲ್ಲಿಸುವುದು ಸಣ್ಣ ವಿಷಯವಾ? ಆದರೆ ಹೆರುವ ಯಂತ್ರಗಳನ್ನು ವಿರೋಧಿಸುವ ಭೂಮಿಯ ಆಡಳಿತ ಸ್ತ್ರೀವಾದಿಗಳದ್ದು ಅಂತ ಹೇಳಿ, ತಪ್ಪನ್ನು ಅವರ ತಲೆಗೆ ಕಟ್ಟಿ, ಕಥೆ ಗುಂಡು ಹಾರಿಸಲು ಓಡುತ್ತದೆ. ಕೊನೆಯಲ್ಲಿ ಆರ್ಮಿಟೇಜ್ ಬಸುರಿ. ಯಾವ ಕೆಲಸಕ್ಕೆ ಅಂತ ಮಾಡಿದ್ದರೋ ಅದನ್ನೇ ಅವಳ ಸುಖ ಅಂತ ತೋರಿಸಿ ಮುಗಿಸುತ್ತಾರೆ. ಇಷ್ಟಿದ್ದರೂ ಒಂದು ಮಾತು ಒಪ್ಪಬೇಕು. ‘ನನ್ನನ್ನು ಯಾಕೆ ಮಾಡಿದಿರಿ’ ಅಂತ ಸಿಟ್ಟಿನಿಂದ ಕೇಳುತ್ತಾ ತಿರುಗುವವಳು ಈ ಮೂವರಲ್ಲಿ ಅವಳೊಬ್ಬಳೇ. ಆ ಸಿಟ್ಟು ನನಗೆ ಇಷ್ಟವಾಯಿತು. ಅವಳಿಗೆ ತೊಡಿಸಿದ ಬಟ್ಟೆ ಇಷ್ಟವಾಗಲಿಲ್ಲ.

ಮಮೊರು ಒಶಿಯಿಯ 2004ರ ‘ಇನ್ನೊಸೆನ್ಸ್’ ಕೂಡ ಪಟ್ಟಿಯಲ್ಲಿತ್ತು. ಭೋಗಕ್ಕೆಂದು ಮಾಡಿದ ಹೆಣ್ಣು ಗೊಂಬೆಗಳು ಯಜಮಾನರನ್ನು ಕೊಲ್ಲುತ್ತವೆ, ಹಿಂದಿರುವ ಕಾರಣ ಎದೆ ನಡುಗಿಸುತ್ತದೆ. ಆದರೆ ಪಾತ್ರಗಳು ಮಾತು ಮಾತಿಗೂ ಯಾರೋ ದೊಡ್ಡವರ ಉಕ್ತಿ ಹೇಳುತ್ತವೆ. ದಿನದ ಕೆಲಸ ಮುಗಿಸಿ ರಾತ್ರಿ ಕೂತು ನೋಡುವ ನಮಗೆ ಅದು ಹಿಡಿಸಲಿಲ್ಲ.

ಈಗ ಈವ್ ನೋ ಜಿಕಾನ್. ಯಸುಹಿರೊ ಯೊಶಿಉರ ಮಾಡಿದ್ದು. ಆರು ಭಾಗ, ಒಂದೊಂದೂ ಹೆಚ್ಚೂಕಡಿಮೆ ಕಾಲು ಗಂಟೆ. ಪ್ರೌಢಶಾಲೆಯ ಹುಡುಗ ರಿಕುಓ ಮನೆಯಲ್ಲಿ ಸ್ಯಾಮಿ ಅನ್ನೋ ಆಂಡ್ರಾಯ್ಡ್ ಇದೆ. ಅಡುಗೆ, ಕಾಫಿ, ಅಂಗಡಿ ಓಡಾಟ ಎಲ್ಲ ಅವಳದೇ. ನೋಡಲು ಥೇಟ್ ಹುಡುಗಿ, ತಲೆ ಮೇಲೆ ತಿರುಗುವ ಬೆಳಕಿನ ಉಂಗುರವೊಂದೇ ವ್ಯತ್ಯಾಸ. ಒಂದು ದಿನ ಅವಳ ಓಡಾಟದ ಲಾಗ್ (ದಾಖಲೆ) ತೆಗೆದು ನೋಡಿದರೆ, ಯಾರೂ ಹೇಳದ ಕಡೆಗೆ ಅವಳು ಹೋಗಿ ಬಂದಿದ್ದಾಳೆ. ಜೊತೆಗೆ ಅರ್ಥವಾಗದ ಒಂದು ಸಾಲು: ‘ಈವ್‌ನ ಸಮಯವನ್ನು ಆನಂದಿಸುತ್ತಿದ್ದೀರಾ?’

ನನಗೆ ಇಷ್ಟರಲ್ಲೇ ಉತ್ತರ ಸಿಕ್ಕಿತು. ಸ್ಯಾಮಿಗೆ ಹೋಗಲು ಒಂದು ಜಾಗ ಇದೆ! ರಿಕುಓ ಗೆಳೆಯ ಮಸಾಕಿಯ ಜೊತೆ ಹುಡುಕಿಕೊಂಡು ಹೋದರೆ ಸಿಗುವುದು ಒಂದು ಕೆಫೆ. ಅಲ್ಲಿನ ನಿಯಮ ಒಂದೇ, ಮನುಷ್ಯ ರೋಬೋ ಅಂತ ಭೇದ ಮಾಡಬಾರದು. ಒಳಗೆ ಬಂದರೆ ಯಾರ ತಲೆ ಮೇಲೂ ಉಂಗುರ ಇರುವುದಿಲ್ಲ. ಅಲ್ಲಿ ಅಕಿಕೊ ಅನ್ನೋ ಹುಡುಗಿ ಕಿಲಕಿಲ ನಗುತ್ತಾ ಇವರ ಟೇಬಲ್ಲಿಗೇ ಬಂದು ಮಾತಾಡುತ್ತಾಳೆ. ಆಮೇಲೆ ಅವಳು ಶಾಲೆಯ ಹತ್ತಿರ ಸಿಗುತ್ತಾಳೆ, ತಲೆ ಮೇಲೆ ಉಂಗುರ, ಮುಖದಲ್ಲಿ ಏನೂ ಇಲ್ಲ. ರಿಕುಓ ಬೆಚ್ಚಿ ನಿಲ್ಲುತ್ತಾನೆ. ಆ ಖಾಲಿ ಮುಖ ಅವಳು ಕೆಲಸಕ್ಕೆ ಹಾಕಿಕೊಳ್ಳುವ ಮುಖ ಅಂತ ನಮಗೆ ಆಗ ಹೊಳೆಯುತ್ತದೆ.

ಆ ಲೋಕದಲ್ಲಿ ಆಂಡ್ರಾಯ್ಡಿಗೆ ಒಂದು ಥ್ಯಾಂಕ್ಸ್ ಹೇಳಿದರೂ ಜನ ಆಡಿಕೊಳ್ಳುತ್ತಾರೆ. ರಿಕುಓನ ಅಕ್ಕನೇ ಅವನನ್ನು ಛೇಡಿಸುತ್ತಾಳೆ. ಅದನ್ನು ನೋಡುವಾಗ ನನಗೆ ನಮ್ಮ ಕಡೆಯ ಮನೆಗಳಲ್ಲಿ ಕೆಲಸದವಳಿಗೆ ಅಂತ ಬೇರೆ ಇಟ್ಟಿರುವ ಸ್ಟೀಲ್ ಲೋಟ ನೆನಪಾಯಿತು. ಅವಳ ಜೊತೆ ಸಲುಗೆಯಿಂದ ಮಾತಾಡಿದರೆ ‘ತಲೆ ಮೇಲೆ ಕೂರಿಸಿಕೊಳ್ಳಬೇಡ’ ಅನ್ನುವ ದೊಡ್ಡವರು, ‘ಕಾಫಿ’ ಅಂತ ಒಂದೇ ಪದದಲ್ಲಿ ಅಪ್ಪಣೆ ಕೊಡುವ ಗಂಡಸರು. ಮನೆ ಕೆಲಸದ ಆಂಡ್ರಾಯ್ಡನ್ನು ಹೆಣ್ಣಾಗಿಯೇ ಯಾಕೆ ಮಾಡುತ್ತಾರೆ ಅನ್ನುವ ಪ್ರಶ್ನೆಗೆ ಈ ಅನಿಮೆ ಭಾಷಣ ಮಾಡುವುದಿಲ್ಲ. ಸ್ಯಾಮಿ ಕಾಫಿ ತಂದಿಡುವುದನ್ನು, ಹುಡುಗ ತಲೆ ಎತ್ತದಿರುವುದನ್ನು ತೋರಿಸುತ್ತದೆ.

ಆಮೇಲೆ ಒಂದು ಭಾಗದಲ್ಲಿ ರಿಕುಓ ಕೆಫೆಯಲ್ಲಿರುವಾಗಲೇ ಸ್ಯಾಮಿ ಅಲ್ಲಿಗೆ ಬರುತ್ತಾಳೆ. ಅವನು ಮರೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ. ಅವಳು ಮನೆಯವರ ಬಗ್ಗೆ ಮಾತಾಡುತ್ತಾಳೆ, ಅವರಿಗೆ ಒಳ್ಳೆಯ ಕಾಫಿ ಮಾಡಿಕೊಡಬೇಕು ಅನ್ನುವ ಆಸೆ ಹೇಳಿಕೊಳ್ಳುತ್ತಾಳೆ. ನನ್ನ ತಂಗಿ ಇಲ್ಲಿ ತಕರಾರು ತೆಗೆದಳು. ‘ನೋಡಕ್ಕಾ, ಬಿಡುವು ಸಿಕ್ಕಾಗಲೂ ಅವಳು ಮನೆಯವರ ಯೋಚನೆಯನ್ನೇ ಮಾಡ್ತಾಳೆ. ಇದರಲ್ಲಿ ಅವಳದ್ದು ಏನು ಬಂತು?’ ಅವಳ ಮಾತಲ್ಲಿ ಹುರುಳಿದೆ. ಆದರೂ ನಾನು ಒಪ್ಪಲಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಚ್ಚಿಡಬೇಕು ಅಂತ ಸ್ಯಾಮಿ ತಾನೇ ನಿರ್ಧಾರ ಮಾಡಿದ್ದಾಳೆ. ಆ ಲೋಕದ ರೋಬೋಗಳು ಪಾಲಿಸುವುದು ಕಥೆಗಾರ ಅಸಿಮೋವ್ ರೋಬೋಗಳಿಗೆ ಅಂತ ಬರೆದ ಮೂರು ನಿಯಮಗಳನ್ನು, ಅವುಗಳಲ್ಲಿ ಸುಳ್ಳು ಹೇಳಬಾರದು ಅಂತ ಎಲ್ಲೂ ಇಲ್ಲ. ಆ ಸಣ್ಣ ಸಂದಿಯಲ್ಲಿ ಅವಳು ತನಗೊಂದು ಮನಸ್ಸು ಮಾಡಿಕೊಂಡಿದ್ದಾಳೆ. ಚೀಗೆ ಸಿಗದ್ದು ಅದೇ.

ಕೋಜಿ, ರೀನಾ ಅನ್ನೋ ಜೋಡಿಯ ಭಾಗವನ್ನು ತಪ್ಪಿಸಬೇಡಿ. ಇಬ್ಬರೂ ಪ್ರೇಮಿಗಳ ಹಾಗೆ ಕೂತಿರುತ್ತಾರೆ. ಇಬ್ಬರೂ ರೋಬೋಗಳೇ, ಆದರೆ ಎದುರಿನವರು ಮನುಷ್ಯರು ಅಂತ ಇಬ್ಬರೂ ನಂಬಿದ್ದಾರೆ. ಪ್ರೀತಿ ಅಂದರೆ ಹೀಗಿರಬೇಕು ಅಂತ ಕಲಿತದ್ದನ್ನು ಗಂಡೂ ಹೆಣ್ಣೂ ಒಬ್ಬರಿಗೊಬ್ಬರು ಒಪ್ಪಿಸುವುದು ಮನುಷ್ಯರಲ್ಲೂ ಇದೆ, ಅಲ್ವಾ?

ಕೊರತೆ ಇದೆ. ಎಷ್ಟೋ ಎಳೆಗಳು ಹಾಗೇ ಉಳಿಯುತ್ತವೆ, ಕೆಫೆಯ ಒಡತಿ ನಾಗಿಯ ಹಿನ್ನೆಲೆಯೂ ಅದರಲ್ಲಿ ಒಂದು.

ನಮ್ಮ ಮನೆಯಲ್ಲಿ ಟಿವಿ ಹಾಲ್‌ನಲ್ಲಿದೆ. ಅಮ್ಮ ಅಲ್ಲೇ ಹೂ ಕಟ್ಟುತ್ತಾ ಕೂತಿರುತ್ತಾರೆ. ಚೋಬಿಟ್ಸ್ ಆ ಹಾಲ್‌ನಲ್ಲಿ ನೋಡುವಂಥದ್ದಲ್ಲ. ಆರ್ಮಿಟೇಜ್‌ನಲ್ಲಿ ರಕ್ತ ಜಾಸ್ತಿ. ಈವ್ ನೋ ಜಿಕಾನ್ ಅಮ್ಮನೂ ಎರಡು ಭಾಗ ನೋಡಿದರು. ಊಟ ಆದಮೇಲೆ ದಿನಕ್ಕೊಂದು ಭಾಗ ನಮಗೆ ಸರಿಹೋಯಿತು. 26 ಕಂತಿಗೆ ಕೊಟ್ಟ ದುಡ್ಡಿಗಿಂತ ಈ ಆರಕ್ಕೆ ಕೊಟ್ಟಿದ್ದು ನನಗೆ ದಕ್ಕಿದೆ.

ಒಂದನ್ನೇ ಕೊಳ್ಳುವುದಾದರೆ 2010ರಲ್ಲಿ ಆ ಆರು ಭಾಗಗಳನ್ನು ಪೋಣಿಸಿ, ಸ್ವಲ್ಪ ಹೊಸದು ಸೇರಿಸಿ ಮಾಡಿದ ಈವ್ ನೋ ಜಿಕಾನ್ ಚಿತ್ರವನ್ನು ಕೊಳ್ಳಿ. ಚೋಬಿಟ್ಸ್ ಬೇಕೇ ಬೇಕು ಅನ್ನುವವರು ಡಿಸ್ಕ್ ಬಿಟ್ಟು ಎಂಟು ಸಂಪುಟದ ಮಾಂಗಾ ಹಿಡಿಯಿರಿ, ಶಿಮಿಜು ಮೇಡಂ ಅಲ್ಲೂ ಇದ್ದಾರೆ, ಸ್ವಿಚ್ಚಿನ ಮಾತನ್ನೂ ಅಲ್ಲಿ ಬಿಡಿಸಿ ಹೇಳಿದ್ದಾರೆ. ಆರ್ಮಿಟೇಜ್ ನೋಡುವುದಾದರೆ ನಾಲ್ಕು ಭಾಗಗಳನ್ನೇ ನೋಡಿ, ಅದನ್ನು ಕತ್ತರಿಸಿ 1996ರಲ್ಲಿ ಮಾಡಿದ ಇಂಗ್ಲಿಷ್ ಚಿತ್ರ ಬೇಡ.