ಕೋಡಿಬಾಗದ ಬೋರ್ಡ್ ಇಲ್ಲದ ಗ್ಯಾರೇಜು

ಕಾರವಾರದಲ್ಲಿ ಕಡಲ ಹತ್ತಿರ ಮನೆ ಇದ್ದರೆ ಗಾಡಿಗೆ ತುಕ್ಕು ಬೇಗ. ನನ್ನದು ಎಂಟು ವರ್ಷದ ಸ್ಕೂಟರ್. ಮಳೆಗಾಲ ಬಂತೆಂದರೆ ಹಿಂದಿನ ಬ್ರೇಕ್ ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ.

ಮೊದಲು ಹೋಗುತ್ತಿದ್ದ ಸರ್ವೀಸ್ ಸೆಂಟರಿನಲ್ಲಿ ಮೂರು ಸಲ ಲೈನರ್ ಬದಲಿಸಿದರು. ಸಂಜೆ ಐದಕ್ಕೆ ಸರಿಯಾಗಿ ಗಾಡಿ ಕೈಗೆ. ತಿಂಗಳೊಳಗೆ ಮತ್ತೆ ಅದೇ ಕಥೆ. ಕೊನೆಗೆ ಅಲ್ಲಿನ ಹುಡುಗನೇ ಮೆಲ್ಲಗೆ ಹೇಳಿದ: "ಅಕ್ಕಾ, ಒಳಗೆ ಬ್ರೇಕ್ ಶೂ ಒತ್ತೋ ಕ್ಯಾಮ್ ಜಾಮ್ ಆಗಿದೆ. ಬಿಚ್ಚೋಕೆ ಟೈಮ್ ಕೊಡೋದಿಲ್ಲ. ದಿನಕ್ಕೆ ಇಷ್ಟು ಗಾಡಿ ಆಗಲೇಬೇಕು."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಮೀನು ಪ್ಯಾಕಿಂಗ್ ಘಟಕದಲ್ಲಿ ಹನ್ನೊಂದು ವರ್ಷ ಸೂಪರ್‌ವೈಸರ್ ಆಗಿದ್ದವಳು. ಅಲ್ಲಿ ತರಬೇತಿ ಕೊಡಿಸಿದ್ದರು. ಟೊಯೊಟಾ ಕಾರ್ಖಾನೆಯಲ್ಲಿ ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದು ಲೈನನ್ನೇ ನಿಲ್ಲಿಸಬಹುದು ಅಂತ ಹೇಳಿಕೊಟ್ಟರು. ನಮ್ಮಲ್ಲಿ ಸಲಹೆ ಪೆಟ್ಟಿಗೆ ಇತ್ತು. ಐಸ್ ಹೊರುವ ಹೆಂಗಸೊಬ್ಬಳು ಟೇಬಲ್ ಎರಡು ಮಾರು ಈಚೆ ಸರಿಸಿ ಅಂತ ಕೇಳಿದ್ದಳು. ದಿನಾ ಲಾರಿ ಹೊರಡುವ ಅರ್ಜೆಂಟ್, ದಿನಾ "ಆಮೇಲೆ ನೋಡುವಾ". ಟೇಬಲ್ ಸರಿಯಲೇ ಇಲ್ಲ. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಕೋಡಿಬಾಗದ ಒಳರಸ್ತೆಯ ಈ ಗ್ಯಾರೇಜಿಗೆ ಬೋರ್ಡ್ ಇಲ್ಲ. ಮಾಲೀಕ ಮತ್ತು ಇಬ್ಬರು ಹುಡುಗರು, ಅಷ್ಟೇ. ಸಣ್ಣ ಹುಡುಗ ನನ್ನ ಗಾಡಿಯ ಹಿಂದಿನ ಚಕ್ರ ಬಿಚ್ಚಿ ಕ್ಯಾಮ್ ಹೊರತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಕಿರುಬೆರಳು ಗಾತ್ರದ ಕಬ್ಬಿಣ, ಮೈತುಂಬ ಕೆಂಪು ತುಕ್ಕು. ಅದು ವಾಪಸ್ ತಿರುಗದಿದ್ದರೆ ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಪಾಲಿಶ್ ಪೇಪರಿನಲ್ಲಿ ತಿಕ್ಕಿ, ತೆಳ್ಳಗೆ ಗ್ರೀಸ್ ಹಚ್ಚಿ ಕೂರಿಸಿದ. ಆಮೇಲೆ ಎರಡು ಮಳೆಗಾಲ ಕಳೆದಿದೆ, ಬ್ರೇಕ್ ಹಿಡಿದುಕೊಂಡಿಲ್ಲ.

ಗೋಡೆಯಲ್ಲಿ ಹಳೆ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ "ತಿರುಗಿ ಬಂದ ಗಾಡಿ" ಅಂತ ಬರೆದು ಅಂಟಿಸಿದ್ದಾರೆ. ಯಾವ ಗಾಡಿ, ಏನು ತೊಂದರೆ, ಯಾಕೆ ಬಂತು. ಯಾರು ರಿಪೇರಿ ಮಾಡಿದ್ದು ಅಂತ ಮಾತ್ರ ಬರೆಯುವುದಿಲ್ಲ! ಬುಧವಾರ ಮೂರರಿಂದ ನಾಲ್ಕರವರೆಗೆ ಹೊಸ ಗಾಡಿ ತಗೊಳ್ಳುವುದಿಲ್ಲ, ಮೂವರೂ ಚಾ ಹಿಡಿದು ಆ ಪಟ್ಟಿಯ ಮುಂದೆ ಕೂರುತ್ತಾರೆ. ಮೇ ತಿಂಗಳಲ್ಲೇ ಕ್ಯಾಮ್ ಬಿಚ್ಚಿ ತೊಳೆಯೋಣ ಅಂದವನು ಆ ಸಣ್ಣ ಹುಡುಗನೇ. "ಅಡ್ಡಿಲ್ಲ, ಹತ್ತು ಗಾಡಿಗೆ ಮಾಡಿ ನೋಡು" ಅಂದರಂತೆ ಮಾಲೀಕರು. ಈಗ ಡ್ರಮ್ ಬ್ರೇಕಿನ ಎಲ್ಲಾ ಗಾಡಿಗೂ ಮಾಡುತ್ತಾರೆ.

ಕೊರತೆಯೂ ಇದೆ. ಗಾಡಿ ಕೈಗೆ ಬರಲು ಎರಡು ದಿನ ಬೇಕು. ಚೌತಿ ಹತ್ತಿರ ಬಂದರೆ ಹೊಸಬರನ್ನು ವಾಪಸ್ ಕಳಿಸುತ್ತಾರೆ. ಕೂರಲು ಜಾಗ ಇಲ್ಲ. ಕೂಲಿ 400 ರೂಪಾಯಿ, ಸಾಮಾನಿನ ಬಿಲ್ ಬೇರೆ.

ಮೊನ್ನೆ ಹೋದಾಗ ಪಟ್ಟಿಯಲ್ಲಿ ನನ್ನ ಗಾಡಿ ನಂಬರೂ ಇತ್ತು. ಹಾರ್ನ್ ರಿಪೇರಿ ಮಾಡಿಸಿದ್ದು ಮತ್ತೆ ಕೆಟ್ಟಿತ್ತು. "ಯಾಕೆ" ಅನ್ನುವ ಜಾಗ ಇನ್ನೂ ಖಾಲಿ. ಹುಡುಗ ವೈರು ಬಿಚ್ಚಿ ಒಂದೊಂದೇ ನೋಡುತ್ತಿದ್ದ. "ನಾಳೆ ಬರ್ತೀನಪ್ಪಾ, ನಿಧಾನ ನೋಡು" ಅಂತ ಹೇಳಿ ಬಸ್ಸಿಗೆ ನಡೆದೆ.